ನೆಲ ಓದುವುದು ಮೊದಲು: ಸಿವಿಲೈಸೇಶನ್ 6ರ ಮೊದಲ ನೂರು ಸರದಿ

ಸಿವಿಲೈಸೇಶನ್ 6 ಆಟವನ್ನು ಕೊಂಡು, ಒಂದೆರಡು ಸಂಜೆ ಆಡಿ, ಆಮೇಲೆ ಮುಟ್ಟದೆ ಬಿಟ್ಟವರು ನನಗೆ ಹಲವರು ಗೊತ್ತು. ಚೆಸ್ ಚೆನ್ನಾಗಿ ಆಡುವವರೂ ಅವರಲ್ಲಿದ್ದಾರೆ. ಐದು ಬಗೆಯ ಗೆಲುವು, ಕಲಿಕೆಯ ಎರಡು ದೊಡ್ಡ ಮರಗಳು, ಧರ್ಮ, ವ್ಯಾಪಾರ, ರಾಜತಂತ್ರ, ಯುದ್ಧ ಎಲ್ಲವನ್ನೂ ಮೊದಲ ಸಂಜೆಯೇ ಅರ್ಥ ಮಾಡಿಕೊಳ್ಳಲು ಹೊರಟು ದಣಿದರು. ಹೊಸಬರಿಗೆ ನಾನು ಹೇಳುವುದು ಒಂದೇ ಮಾತು: ಗೆಲುವಿನ ಯೋಚನೆ ಬಿಡಿ, ಮೊದಲು ನೆಲ ಓದಲು ಕಲಿಯಿರಿ. ಯಾವ ಹೊಳೆಯ ದಂಡೆಯಲ್ಲಿ ಊರು ಕಟ್ಟಬೇಕು, ಯಾವ ಗುಡ್ಡವನ್ನು ಯಾವ ಕೆಲಸಕ್ಕೆ ಇಟ್ಟುಕೊಳ್ಳಬೇಕು ಎನ್ನುವುದು ಕಣ್ಣಿಗೆ ಹೊಳೆಯತೊಡಗಿದರೆ ಉಳಿದದ್ದು ತಾನಾಗಿ ಹಿಂದೆಯೇ ಬರುತ್ತದೆ.

ಈ ಸರಣಿಯ ಮೊದಲ ಆಟವನ್ನು 1991ರಲ್ಲಿ ಮೈಕ್ರೋಪ್ರೋಸ್ ಕಂಪನಿಗಾಗಿ ಸಿಡ್ ಮಯರ್ ಮತ್ತು ಬ್ರೂಸ್ ಶೆಲ್ಲಿ ರೂಪಿಸಿದರು. ಆರನೆಯದು 2016ರ ಅಕ್ಟೋಬರ್ 21ರಂದು ಫೈರಾಕ್ಸಿಸ್‌ನಿಂದ ಬಂತು. ಅದರ ಮುಖ್ಯ ವಿನ್ಯಾಸಕ ಎಡ್ ಬೀಚ್. ಹಿಂದಿನ ಆಟಗಳಲ್ಲಿ ಇಡೀ ಊರು ನಕ್ಷೆಯ ಒಂದೇ ಮನೆಯೊಳಗೆ ಅಡಗಿರುತ್ತಿತ್ತು. ಬೀಚ್ ಮತ್ತು ಅವರ ತಂಡ ಊರನ್ನು ನೆಲದ ಮೇಲೆ ಹರಡಿದರು. ವಿದ್ಯಾಲಯಕ್ಕೆ ಒಂದು ಮನೆ, ಪೇಟೆಗೆ ಒಂದು ಮನೆ, ಗುಡಿಗೆ ಇನ್ನೊಂದು. ಆರನೆಯ ಆಟದ ಸೊಗಸೂ ಕಷ್ಟವೂ ಇರುವುದು ಇದೊಂದು ಬದಲಾವಣೆಯಲ್ಲೇ.

2025ರಲ್ಲಿ ಏಳನೆಯದೂ ಬಂದಿದೆ. ಆದರೂ ಕಲಿಯುವವರಿಗೆ ಆರನೆಯದೇ ಲೇಸು ಎಂಬುದು ನನ್ನ ಅಭಿಪ್ರಾಯ. ಏಳನೆಯದರಲ್ಲಿ ಯುಗ ಬದಲಾದಂತೆ ನಿಮ್ಮ ನಾಗರಿಕತೆಯೂ ಬದಲಾಗುತ್ತದೆ. ಆರನೆಯದರಲ್ಲಿ ಮೊದಲ ದಿನ ಹಿಡಿದದ್ದನ್ನೇ ಕೊನೆಯವರೆಗೆ ಬೆಳೆಸುತ್ತೀರಿ. ಕನಿಷ್ಠ 4 ಜಿಬಿ ರ‍್ಯಾಮ್ ಇದ್ದರೆ ಆಟ ನಡೆಯುತ್ತದೆ, 8 ಜಿಬಿ ಇದ್ದರೆ ಸರಾಗ. ಬೆಲೆಯೂ ರಿಯಾಯಿತಿಯ ದಿನಗಳಲ್ಲಿ ಬಹಳ ಇಳಿಯುತ್ತದೆ, ಕಾದು ಕೊಳ್ಳಿ. ದುಡ್ಡು ಹಾಕುವ ಮುನ್ನ ಇಂಥ ಆಟ ನಿಮಗೆ ಒಗ್ಗುತ್ತದೆಯೇ ಎಂದು ನೋಡಬೇಕಿದ್ದರೆ ಅನ್‌ಸಿವ್ ಎಂಬ ಸ್ವತಂತ್ರ ತಂತ್ರಾಂಶವಿದೆ. ಐದನೆಯ ಸಿವಿಲೈಸೇಶನ್ನಿನ ನಿಯಮಗಳನ್ನು ಅನುಸರಿಸುವ ಆ ಆಟ ಆಂಡ್ರಾಯ್ಡ್ ಫೋನಿನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ.

ಆಟದ ಪರದೆಯಲ್ಲಿ ಕನ್ನಡವಿಲ್ಲ. ಅಲ್ಲಿ ಕಾಣುವ ಹೆಸರುಗಳನ್ನು ಗುರುತಿಸಲು ಸುಲಭವಾಗಲೆಂದು ಮುಖ್ಯವಾದವನ್ನು ಇದ್ದ ಹಾಗೇ ಬಳಸಿದ್ದೇನೆ.

ಹಂತ 1: ಆಟ ಹೂಡುವುದು

ಸಿಂಗಲ್ ಪ್ಲೇಯರ್ ಒಳಗೆ ಪ್ಲೇ ನೌ ಎಂಬುದೂ ಕ್ರಿಯೇಟ್ ಗೇಮ್ ಎಂಬುದೂ ಇವೆ. ಎರಡನೆಯದನ್ನು ಒತ್ತಿ, ಏಕೆಂದರೆ ಅಲ್ಲಿ ಎಲ್ಲವನ್ನೂ ನೀವೇ ಆರಿಸಬಹುದು.

ರೂಲ್‌ಸೆಟ್ ಎಂಬಲ್ಲಿ ಸ್ಟ್ಯಾಂಡರ್ಡ್ ಇಡಿ. ರೈಸ್ ಆ್ಯಂಡ್ ಫಾಲ್ (2018), ಗ್ಯಾದರಿಂಗ್ ಸ್ಟಾರ್ಮ್ (2019) ವಿಸ್ತರಣೆಗಳು ನಿಮ್ಮಲ್ಲಿದ್ದರೂ ಮೊದಲ ಆಟಕ್ಕೆ ಬೇಡ. ಊರುಗಳ ನಿಷ್ಠೆ, ಗವರ್ನರುಗಳು, ಪ್ರವಾಹ, ವಿಶ್ವ ಸಂಸತ್ತು ಇವೆಲ್ಲ ಆಮೇಲೆ ಸೇರಿಸಿಕೊಂಡರೆ ರುಚಿ ಹೆಚ್ಚು. ಗೇಮ್ ಮೋಡ್‌ಗಳನ್ನೂ ಮುಟ್ಟಬೇಡಿ.

ಕಷ್ಟದ ಮಟ್ಟ ಎಂಟು. ಕೆಳಗಿನದು ಸೆಟ್ಲರ್, ಮೇಲಿನದು ಡೀಟಿ. ನಾಲ್ಕನೆಯದಾದ ಪ್ರಿನ್ಸ್‌ನಲ್ಲಿ ಕಂಪ್ಯೂಟರಿಗೂ ನಿಮಗೂ ಸಮಾನ ನಿಯಮ. ನೀವು ಎರಡನೆಯದಾದ ಚೀಫ್ಟನ್ ಆರಿಸಿ. ನಕ್ಷೆಗೆ ಪ್ಯಾಂಜಿಯಾ, ಅಂದರೆ ಬಹುಪಾಲು ನೆಲ ಒಂದೇ ಖಂಡವಾಗಿರುವುದು. ಹಡಗು ಕಟ್ಟದೆಯೇ ನೆರೆಯವರೆಲ್ಲ ಸಿಗುತ್ತಾರೆ. ಗಾತ್ರ ಸ್ಮಾಲ್, ಆರು ಜನ ಆಟಗಾರರು. ವೇಗ ಸ್ಟ್ಯಾಂಡರ್ಡ್, ಕ್ರಿ.ಪೂ. 4000ದಿಂದ ಕ್ರಿ.ಶ. 2050ರವರೆಗೆ 500 ಸರದಿ.

ನಾಯಕನಾಗಿ ರೋಮಿನ ಟ್ರೇಜನ್. ಅವನ ಪ್ರತಿ ಹೊಸ ಊರಿಗೂ ಸಂಸ್ಕೃತಿ ಕೊಡುವ ಮಾನ್ಯುಮೆಂಟ್ ಪುಕ್ಕಟೆಯಾಗಿ ಬರುತ್ತದೆ, ರಾಜಧಾನಿಯ ವ್ಯಾಪಾರದ ಅಳತೆಯೊಳಗಿದ್ದರೆ ರಸ್ತೆಯೂ ತಾನಾಗಿ ಬೀಳುತ್ತದೆ. ಹೊಸಬರ ತಲೆಯಿಂದ ಎರಡು ಚಿಂತೆ ಇಳಿದಂತೆ.

ಪಟ್ಟಿಯಲ್ಲಿ ಭಾರತವನ್ನು ಕಂಡಾಗ ಕೈ ಅತ್ತ ಹೋಗುವುದು ಸಹಜ. ಮೂಲ ಆಟದಲ್ಲಿ ಗಾಂಧಿ ಇದ್ದಾರೆ, ರೈಸ್ ಆ್ಯಂಡ್ ಫಾಲ್‌ನಲ್ಲಿ ಚಂದ್ರಗುಪ್ತನೂ ಬಂದ. ಭಾರತಕ್ಕೆ ಮಾತ್ರ ಸಿಗುವ ಮೆಟ್ಟಿಲುಬಾವಿ ಊರಿಗೆ ಆಹಾರವನ್ನೂ ವಸತಿಯನ್ನೂ ಕೂಡಿಸುತ್ತದೆ. ಲಕ್ಕುಂಡಿಯ ಮುಸುಕಿನ ಬಾವಿಗೆ ಇಳಿದು ನೋಡಿದವರಿಗೆ ಅದನ್ನು ನಕ್ಷೆಯ ಮೇಲೆ ಕಟ್ಟುವುದು ಬೇರೆಯೇ ಸಂತೋಷ. ಆದರೆ ಗಾಂಧಿಯ ಬಲವೆಲ್ಲ ಧರ್ಮದ ಸುತ್ತ ಇರುವುದರಿಂದ, ಆ ಭಾಗ ಕಲಿಯದೆ ಭಾರತ ಆಡಿದರೆ ಅದರ ಸೊಗಸು ಸಿಗದು. ಮೂರನೆಯ ಆಟಕ್ಕೆ ಇಟ್ಟುಕೊಳ್ಳಿ.

ಹಂತ 2: ಮೊದಲ ಊರಿನ ಜಾಗ

ಸುತ್ತ ಮಬ್ಬು, ನಡುವೆ ಒಂದಿಷ್ಟು ನೆಲ, ಅದರ ಮೇಲೆ ಊರು ಕಟ್ಟುವ ಒಬ್ಬ ಸೆಟ್ಲರ್, ಕಾಯುವ ಒಬ್ಬ ವಾರಿಯರ್. ಏನನ್ನೂ ಕದಲಿಸುವ ಮೊದಲು ಎರಡು ಕೆಲಸ ಮಾಡಿ. ಒಂದು, ಆಟವನ್ನು ನಿಮ್ಮದೇ ಹೆಸರು ಕೊಟ್ಟು ಸೇವ್ ಮಾಡಿ. ಇದು ನೂರನೆಯ ಸರದಿಯಲ್ಲಿ ಬೇಕಾಗುತ್ತದೆ. ಎರಡು, ಮಿನಿಮ್ಯಾಪಿನ ಪಕ್ಕದ ಆಯ್ಕೆಗಳಲ್ಲಿ ಯೀಲ್ಡ್ ಐಕಾನ್‌ಗಳನ್ನು ತೋರಿಸುವಂತೆ ಹಾಕಿ. ಆಗ ಆರು ಬದಿಯ ಪ್ರತಿ ಮನೆಯ ಮೇಲೂ ಅದರ ಆದಾಯ ಚಿತ್ರವಾಗಿ ಕಾಣುತ್ತದೆ.

ಈ ಚಿತ್ರಗಳನ್ನು ಓದಲು ಬೇಕಾದ ಲೆಕ್ಕ ಚಿಕ್ಕದು. ಹುಲ್ಲುನೆಲ 2 ಆಹಾರ ಕೊಡುತ್ತದೆ. ಬಯಲು 1 ಆಹಾರ, 1 ಉತ್ಪಾದನೆ. ಅದೇ ನೆಲ ಗುಡ್ಡವಾಗಿದ್ದರೆ ಉತ್ಪಾದನೆ 1 ಹೆಚ್ಚು, ಕಾಡಿದ್ದರೆ ಮತ್ತೊಂದು ಹೆಚ್ಚು. ಮಳೆಕಾಡು ಆಹಾರವನ್ನು ಹೆಚ್ಚಿಸುತ್ತದೆ. ಮರಳುಗಾಡು ಬರಿಗೈ. ದೊಡ್ಡ ಬೆಟ್ಟದ ಮೇಲೆ ಯಾರೂ ಕಾಲಿಡಲಾಗದು, ಆದರೆ ಅದನ್ನು ಮರೆಯಬೇಡಿ, ಮುಂದೆ ಅದೇ ಚಿನ್ನದಂಥ ಆಸ್ತಿ. ಆಹಾರದಿಂದ ಜನ ಬೆಳೆಯುತ್ತಾರೆ, ಪ್ರತಿಯೊಬ್ಬರೂ ಸರದಿಗೆ 2 ಆಹಾರ ತಿನ್ನುತ್ತಾರೆ. ಉತ್ಪಾದನೆಯಿಂದ ವಸ್ತುಗಳು, ಕಟ್ಟಡಗಳು, ಸೈನಿಕರು ತಯಾರಾಗುತ್ತಾರೆ. ಆರಂಭದಲ್ಲಿ ಈ ಎರಡನ್ನು ಬಿಟ್ಟು ಬೇರೆ ಯಾವುದಕ್ಕೂ ತಲೆ ಕೊಡಬೇಡಿ.

ಸೆಟ್ಲರನ್ನು ಆರಿಸಿದೊಡನೆ ನೆಲಕ್ಕೆ ಬಣ್ಣ ಬರುತ್ತದೆ. ಕಡು ಹಸಿರು ಎಂದರೆ ಸಿಹಿನೀರು ಹತ್ತಿರ ಇದೆ: ಹೊಳೆ, ಕೆರೆ ಅಥವಾ ಓಯಸಿಸ್. ತಿಳಿ ಹಸಿರು ಕಡಲ ತೀರ. ಬೂದು ಬಣ್ಣದಲ್ಲಿ ನೀರಿಲ್ಲ. ಕೆಂಪಿನಲ್ಲಿ ಊರು ಕಟ್ಟಲಾಗದು. ಈ ಬಣ್ಣಗಳ ಹಿಂದಿರುವುದು ವಸತಿಯ ಲೆಕ್ಕ. ಸಿಹಿನೀರಿನ ಪಕ್ಕದ ಊರಿಗೆ ಆರಂಭದ ವಸತಿ 5, ಕಡಲ ತೀರದ್ದಕ್ಕೆ 3, ನೀರಿಲ್ಲದ್ದಕ್ಕೆ 2. ಜನಸಂಖ್ಯೆ ವಸತಿಯ ಅಂಚಿಗೆ ಬಂದರೆ ಬೆಳವಣಿಗೆ ಮೊದಲು ಅರ್ಧಕ್ಕೆ, ಆಮೇಲೆ ಕಾಲು ಭಾಗಕ್ಕೆ ಇಳಿಯುತ್ತದೆ. ನೀರಿಲ್ಲದ ಕಡೆ ಕಟ್ಟಿದ ಊರು ಸುತ್ತ ಎಷ್ಟೇ ಫಲವತ್ತಾದ ನೆಲವಿದ್ದರೂ ಕುಂಟುತ್ತಲೇ ಇರುತ್ತದೆ.

ಹಾಗಾದರೆ ಅತ್ಯುತ್ತಮ ಜಾಗ ಯಾವುದು? ಹೊಳೆ ದಂಡೆಯ ಬಯಲು ಗುಡ್ಡ. ಊರಿನ ನಡುಮನೆಗೆ ಹೇಗಿದ್ದರೂ ಕನಿಷ್ಠ 2 ಆಹಾರ, 1 ಉತ್ಪಾದನೆ ಸಿಗುತ್ತದೆ. ಬಯಲು ಗುಡ್ಡದ ಮೇಲಾದರೆ ಉತ್ಪಾದನೆ 2. ಒಂದೇ ಒಂದು ಹೆಚ್ಚುವರಿ ಅಂಕ ಎಂದು ಉಪೇಕ್ಷಿಸಬೇಡಿ. ಆರಂಭದಲ್ಲಿ ಊರಿನ ಒಟ್ಟು ಉತ್ಪಾದನೆಯೇ ನಾಲ್ಕೈದು ಇರುವಾಗ ಆ ಒಂದು ಅಂಕ ಮುಂದಿನ ಐವತ್ತು ಸರದಿಗಳ ವೇಗವನ್ನು ನಿರ್ಧರಿಸುತ್ತದೆ. ಮೇಲಾಗಿ ಗುಡ್ಡದ ಮೇಲಿನ ಊರನ್ನು ಕಾಯುವುದೂ ಸುಲಭ.

ಇಂಥ ಜಾಗ ಒಂದೆರಡು ಸರದಿಯಲ್ಲಿ ತಲುಪುವಂತಿದ್ದರೆ ನಡೆದು ಹೋಗಿ. ಅದಕ್ಕಿಂತ ದೂರವಾದರೆ ನಿಂತಲ್ಲೇ ಕಟ್ಟಿ. ವಾರಿಯರನ್ನು ಮೊದಲು ಎತ್ತರದ ಕಡೆ ಕಳಿಸಿದರೆ ಮಬ್ಬು ಸ್ವಲ್ಪ ಸರಿದು ತೀರ್ಮಾನಕ್ಕೆ ಅನುಕೂಲ.

ಹಂತ 3: ಮೊದಲ ನಾಲ್ಕು ತಯಾರಿ

ಸ್ಕೌಟ್, ಸ್ಲಿಂಗರ್, ಸೆಟ್ಲರ್, ಬಿಲ್ಡರ್. ಮೊದಲ ಆಟದಲ್ಲಿ ಈ ಕ್ರಮ ಬದಲಿಸಬೇಡಿ. ಸೆಟ್ಲರ್ ತಯಾರಾಗಲು ಊರಿನ ಜನಸಂಖ್ಯೆ ಕನಿಷ್ಠ 2 ಇರಬೇಕು, ತಯಾರಾದಾಗ ಒಬ್ಬರು ಕಡಿಮೆಯಾಗುತ್ತಾರೆ. ಪ್ರತಿ ಹೊಸ ಸೆಟ್ಲರಿನ ಬೆಲೆ ಹಿಂದಿನದಕ್ಕಿಂತ ಹೆಚ್ಚು, ಆದ್ದರಿಂದ ತಡ ಮಾಡಿ ಲಾಭವಿಲ್ಲ.

ಊರಿನ ಜನ ಯಾವ ಮನೆಯಲ್ಲಿ ದುಡಿಯಬೇಕೆಂದು ಆಟವೇ ಆರಿಸುತ್ತದೆ. ಮ್ಯಾನೇಜ್ ಸಿಟಿಜನ್ಸ್ ತೆರೆದು ನೀವೇ ಅದನ್ನು ಬದಲಿಸಬಹುದು. ಮೊದಲ ಮೂವತ್ತು ಸರದಿಗಳಲ್ಲಿ ಊರು ಬೆಳೆದಾಗಲೆಲ್ಲ ಒಮ್ಮೆ ತೆರೆದು ನೋಡಿ. ಸೆಟ್ಲರ್ ತಯಾರಿ ನಡೆಯುವಾಗ ಉತ್ಪಾದನೆಯ ಕಡೆ, ಜನ ಬೇಕಾದಾಗ ಆಹಾರದ ಕಡೆ. ನೆಲದ ಆದಾಯ ಎಂದರೇನು ಎಂಬುದು ಈ ಒಂದು ಅಭ್ಯಾಸದಿಂದ ತಿಳಿಯುವಷ್ಟು ಬೇರೆ ಯಾವುದರಿಂದಲೂ ತಿಳಿಯದು.

ಹಂತ 4: ಮಬ್ಬು ಸರಿಸುವುದು, ದಾಳಿಕೋರರನ್ನು ತಡೆಯುವುದು

ಸ್ಕೌಟನ್ನು ಊರಿನ ಸುತ್ತ ಅಗಲವಾದ ಸುತ್ತು ಹೊಡೆಸಿ, ಆಮೇಲೆ ದೂರ ಕಳಿಸಿ. ದಾರಿಯಲ್ಲಿ ಹಳ್ಳಿಗುಡಿಸಲುಗಳು ಸಿಕ್ಕರೆ ಹೊಕ್ಕು ಬನ್ನಿ, ಏನಾದರೂ ಉಡುಗೊರೆ ಉಂಟು. ಆಟೋ ಎಕ್ಸ್‌ಪ್ಲೋರ್ ಎಂಬ ಗುಂಡಿ ಇದ್ದರೂ ಒತ್ತಬೇಡಿ. ಸ್ಕೌಟ್ ತಾನೇ ತಿರುಗಿದರೆ ನಕ್ಷೆ ಬಯಲಾಗುತ್ತದೆ, ಆದರೆ ನಿಮ್ಮ ತಲೆಯಲ್ಲಿ ಅದು ಉಳಿಯುವುದಿಲ್ಲ.

ಬಾರ್ಬೇರಿಯನ್ ದಾಳಿಗೆ ಹೆದರಿ ಹೊಸಬರು ಕಂಗೆಡುತ್ತಾರೆ. ಅದರ ಒಳಗಿನ ನಿಯಮ ತಿಳಿದರೆ ಹೆದರಿಕೆ ಅರ್ಧವಾಗುತ್ತದೆ. ಅವರ ಶಿಬಿರದಿಂದ ಮೊದಲು ಒಬ್ಬ ಬೇಹುಗಾರ ಹೊರಡುತ್ತಾನೆ. ಅವನು ನಿಮ್ಮ ಊರನ್ನು ಕಂಡರೆ ತಲೆಯ ಮೇಲೆ ಉದ್ಗಾರ ಚಿಹ್ನೆ ಮೂಡುತ್ತದೆ. ಅವನು ಶಿಬಿರಕ್ಕೆ ಹಿಂದಿರುಗಿ ಸುದ್ದಿ ಮುಟ್ಟಿಸಿದ ಮೇಲೆಯೇ ದಂಡು ಏಳುವುದು. ಹಾಗಾಗಿ ವಾರಿಯರ್ ಊರಿನ ಹತ್ತಿರವೇ ಇರಲಿ, ಬೇಹುಗಾರನನ್ನು ಹಿಂದಿರುಗಲು ಬಿಡದಿರಲಿ. ದಂಡು ಬಂದೇ ಬಿಟ್ಟರೆ ವಾರಿಯರನ್ನು ಗುಡ್ಡ ಅಥವಾ ಕಾಡಿನ ಮನೆಯಲ್ಲಿ ನಿಲ್ಲಿಸಿ ಫಾರ್ಟಿಫೈ ಮಾಡಿ. ಗುಡ್ಡಕ್ಕೆ 3, ಕಾಡಿಗೆ 3, ಎರಡು ಸರದಿ ಕದಲದೆ ನಿಂತರೆ 6 ಅಂಕ ರಕ್ಷಣೆಗೆ ಕೂಡುತ್ತವೆ. ವಾರಿಯರಿನ ಮೂಲ ಬಲವೇ 20 ಎಂದ ಮೇಲೆ ಇದು ಎಷ್ಟು ದೊಡ್ಡದೆಂದು ಲೆಕ್ಕ ಹಾಕಿ. ಹೊಳೆ ದಾಟಿ ಬಂದು ಹೊಡೆಯುವವರ ಬಲವೂ ಕುಗ್ಗುತ್ತದೆ. ಕವಣೆ ಬೀಸುವ ಸ್ಲಿಂಗರ್ ಹಿಂದೆ ನಿಂತು ಹೊಡೆಯಲಿ. ಕೊನೆಯ ಏಟು ಅವನದೇ ಆಗುವಂತೆ ನೋಡಿಕೊಳ್ಳಿ. ಅದಕ್ಕೊಂದು ಕಾರಣವಿದೆ, ಆರನೆಯ ಹಂತದಲ್ಲಿ ಬರುತ್ತದೆ.

ಹಂತ 5: ಬಿಲ್ಡರ್

ಒಬ್ಬ ಬಿಲ್ಡರ್ ಮೂರು ಕೆಲಸ ಮಾಡಿ ಮಾಯವಾಗುತ್ತಾನೆ. ಮೂರನ್ನೂ ಜನ ಈಗಾಗಲೇ ದುಡಿಯುತ್ತಿರುವ ಮನೆಗಳಲ್ಲೇ ಮಾಡಿಸಿ. ಯಾರೂ ದುಡಿಯದ ಹೊಲದಿಂದ ಒಂದು ಕಾಳೂ ಬರುವುದಿಲ್ಲ. ಗೋದಿ, ಭತ್ತ, ದನ, ಕಲ್ಲು, ರೇಷ್ಮೆ ಹೀಗೆ ಏನಾದರೂ ಸಂಪತ್ತು ಇರುವ ಮನೆ ಮೊದಲು, ಬರಿಯ ಹುಲ್ಲುನೆಲ ಆಮೇಲೆ. ಗುಡ್ಡದಲ್ಲಿ ಗಣಿ ಹಾಕಿಸಿ.

ಮೈನಿಂಗ್ ಕಲಿತ ಮೇಲೆ ಕಾಡು ಕಡಿಸುವ ಆಯ್ಕೆ ಬರುತ್ತದೆ. ಕಡಿದರೆ ಊರಿಗೆ ಒಮ್ಮೆಲೇ ಒಂದಿಷ್ಟು ಉತ್ಪಾದನೆ ಸಿಗುತ್ತದೆ. ಪಳಗಿದವರು ಇದನ್ನು ಧಾರಾಳವಾಗಿ ಬಳಸುತ್ತಾರೆ. ನೀವು ಮಾತ್ರ ಮುಂದೆ ಕಟ್ಟಡ ಏಳಲಿರುವ ಮನೆಯ ಕಾಡನ್ನಷ್ಟೇ ಕಡಿಸಿ, ಹೇಗಿದ್ದರೂ ಅಲ್ಲಿನ ಮರ ಉಳಿಯುವುದಿಲ್ಲ.

ಹಂತ 6: ಎರಡು ಮರ, ಮತ್ತು ಅರ್ಧ ಬೆಲೆಯ ಕಲಿಕೆ

ವಿಜ್ಞಾನದಿಂದ ಬೆಳೆಯುವ ತಂತ್ರಜ್ಞಾನದ ಮರ ಒಂದು, ಸಂಸ್ಕೃತಿಯಿಂದ ಬೆಳೆಯುವ ಸಿವಿಕ್ಸ್ ಮರ ಇನ್ನೊಂದು. ಎರಡನ್ನೂ ತೆರೆದು ಕೊನೆಯವರೆಗೆ ಓದುವ ಅಗತ್ಯವಿಲ್ಲ. ಊರಿನ ಸುತ್ತ ಏನಿದೆಯೋ ಅದಕ್ಕೆ ಬೇಕಾದದ್ದನ್ನು ಕಲಿಯಿರಿ. ದನ, ಕುರಿ ಇದ್ದರೆ ಆ್ಯನಿಮಲ್ ಹಸ್ಬೆಂಡ್ರಿ, ಕಲ್ಲು ಇದ್ದರೆ ಮೈನಿಂಗ್. ಅದಾದ ಮೇಲೆ ಪಾಟರಿ, ಅದರಿಂದ ರೈಟಿಂಗ್.

ಪ್ರತಿ ಕಲಿಕೆಯ ಕೆಳಗೂ ಒಂದು ಸಣ್ಣ ಸಾಲು ಇರುತ್ತದೆ, ಅದನ್ನು ತಪ್ಪದೆ ಓದಿ. ಆ ಸಾಲಿನಲ್ಲಿರುವ ಕೆಲಸವನ್ನು ನೀವು ಆಟದಲ್ಲಿ ನಿಜವಾಗಿ ಮಾಡಿದರೆ ಆ ಕಲಿಕೆಯ ಹತ್ತಿರ ಹತ್ತಿರ ಅರ್ಧ ಭಾಗ ಪುಕ್ಕಟೆ. ಸ್ಲಿಂಗರ್ ಒಬ್ಬ ವೈರಿಯನ್ನು ಕೊಂದರೆ ಆರ್ಚರಿ ಬೇಗ ಬರುತ್ತದೆ. ಕೊನೆಯ ಏಟು ಅವನದೇ ಆಗಲಿ ಎಂದದ್ದು ಇದಕ್ಕೇ. ಕಡಲ ತೀರದಲ್ಲಿ ಊರು ಕಟ್ಟಿದರೆ ಸೇಲಿಂಗ್, ಕಲ್ಲುಗಣಿ ಹಾಕಿದರೆ ಮೇಸನ್ರಿ, ಇನ್ನೊಂದು ನಾಗರಿಕತೆಯನ್ನು ಭೇಟಿಯಾದರೆ ರೈಟಿಂಗ್, ಮೂರು ಮನೆಗಳನ್ನು ಸುಧಾರಿಸಿದರೆ ಕ್ರಾಫ್ಟ್ಸ್‌ಮನ್‌ಶಿಪ್. ಇಡೀ ಆಟದಲ್ಲಿ ನನಗೆ ಅತ್ಯಂತ ಇಷ್ಟವಾದ ಕಲ್ಪನೆ ಇದು. ಕಡಲ ಬದಿಯವರು ಕಡಲನ್ನು ಬೇಗ ಕಲಿಯುತ್ತಾರೆ, ಕಲ್ಲು ಇದ್ದವರು ಕಟ್ಟುವುದನ್ನು ಬೇಗ ಕಲಿಯುತ್ತಾರೆ. ನಿಮ್ಮ ಜನ ಏನಾಗುತ್ತಾರೆ ಎಂಬುದನ್ನು ಅವರು ನಿಂತ ನೆಲವೂ ಬರೆಯುತ್ತಿರುತ್ತದೆ.

ಸಿವಿಕ್ಸ್ ಮರದ ಮೊದಲ ಹಣ್ಣು ಕೋಡ್ ಆಫ್ ಲಾಸ್. ಅದರೊಂದಿಗೆ ಎರಡು ನೀತಿ ಚೀಟಿಗಳನ್ನು ಇಡುವ ಅವಕಾಶ ಬರುತ್ತದೆ. ಸೇನೆಯ ಜಾಗದಲ್ಲಿ ಡಿಸಿಪ್ಲಿನ್ ಇಡಿ, ದಾಳಿಕೋರರ ವಿರುದ್ಧ 5 ಅಂಕ ಹೆಚ್ಚು ಬಲ. ಆರ್ಥಿಕ ಜಾಗದಲ್ಲಿ ಗಾಡ್ ಕಿಂಗ್ ಇಟ್ಟು 25 ನಂಬಿಕೆಯ ಅಂಕ ಕೂಡಿಸಿ. ಆಗ ಒಂದು ದೈವವನ್ನು ಆರಿಸಿಕೊಳ್ಳಬಹುದು. ಅಲ್ಲೂ ನೆಲವನ್ನೇ ಕೇಳಿ: ದನ ಕುದುರೆಗಳ ಹುಲ್ಲುಗಾವಲು ಹೆಚ್ಚಿದ್ದರೆ ಗಾಡ್ ಆಫ್ ದಿ ಓಪನ್ ಸ್ಕೈ, ಮೀನು ಹೆಚ್ಚಿದ್ದರೆ ಗಾಡ್ ಆಫ್ ದಿ ಸೀ. ದೈವ ಸಿಕ್ಕ ಮೇಲೆ ಗಾಡ್ ಕಿಂಗ್ ತೆಗೆದು ಎಲ್ಲ ಊರಿಗೂ 1 ಉತ್ಪಾದನೆ ಕೊಡುವ ಅರ್ಬನ್ ಪ್ಲಾನಿಂಗ್ ಹಾಕಿ. ಒಂದು ಸಿವಿಕ್ ಮುಗಿದ ಸರದಿಯಲ್ಲಿ ಚೀಟಿ ಬದಲಿಸುವುದು ಪುಕ್ಕಟೆ, ಬೇರೆ ಸಮಯದಲ್ಲಿ ಚಿನ್ನ ಕೊಡಬೇಕು. ಅರ್ಲಿ ಎಂಪೈರ್ ಕಲಿತಾಗ ಕಾಲೊನೈಸೇಶನ್ ಚೀಟಿ ಸಿಗುತ್ತದೆ; ಸೆಟ್ಲರ್ ತಯಾರಿ ಒಂದೂವರೆ ಪಟ್ಟು ವೇಗವಾಗುತ್ತದೆ.

ಹಂತ 7: ಎರಡನೆಯ, ಮೂರನೆಯ ಊರು

ಎರಡು ಊರುಗಳ ನಡುವೆ ಕನಿಷ್ಠ ಮೂರು ಮನೆ ಬಿಡಬೇಕು. ಊರಿನ ಜನ ದುಡಿಯುವುದು ಸುತ್ತಲಿನ ಮೂರು ಸಾಲು ಮನೆಗಳಲ್ಲಿ ಮಾತ್ರ. ಹೊಸಬರು ಊರುಗಳನ್ನು ತೀರ ದೂರ ದೂರ ಇಡುತ್ತಾರೆ, ನಡುವಿನ ನೆಲದಲ್ಲಿ ನೆರೆಯವರು ಬಂದು ಕೂರುತ್ತಾರೆ. ನಾಲ್ಕೈದು ಮನೆ ಅಂತರ ಸಾಕು. ಅರವತ್ತನೆಯ ಸರದಿಯ ಹೊತ್ತಿಗೆ ಮೂರು ಊರು, ನೂರರ ಹೊತ್ತಿಗೆ ಐದು ಆದರೆ ಮೊದಲ ಆಟಕ್ಕೆ ಬಹಳ ಚೆನ್ನಾಯಿತು.

ಹಂತ 8: ಡಿಸ್ಟ್ರಿಕ್ಟ್‌ಗಳನ್ನು ಕೂರಿಸುವುದು

ಇಲ್ಲಿಗೆ ಬಂದಾಗ ನಿಧಾನಿಸಿ. ಸಿವಿಲೈಸೇಶನ್ 6 ಎಂದರೆ ಬಹುಮಟ್ಟಿಗೆ ಇದೇ. ವಿದ್ಯಾಲಯ, ಪೇಟೆ, ಗುಡಿ ಎಂದು ಊರಿನ ಸುತ್ತ ನೆಲದ ಮೇಲೆ ಹರಡುವ ಮನೆಗಳಿಗೇ ಆಟದಲ್ಲಿ ಡಿಸ್ಟ್ರಿಕ್ಟ್ ಎಂದು ಹೆಸರು.

ಹೊಸ ಮನೆ ಕಟ್ಟುವವರು ಗೋಡೆ ಏಳುವ ಮೊದಲೇ ನೆಲದ ಮೇಲೆ ಸುಣ್ಣದ ಗೆರೆ ಎಳೆದು ಅಡುಗೆಮನೆ ಎಲ್ಲಿ, ಬಾವಿ ಎಲ್ಲಿ ಎಂದು ಗುರುತು ಮಾಡಿಕೊಳ್ಳುತ್ತಾರಲ್ಲ, ಊರು ಕಟ್ಟಿದ ಸರದಿಯಲ್ಲೇ ನೀವೂ ಹಾಗೆ ಮಾಡಿ. ಮಿನಿಮ್ಯಾಪಿನ ಪಕ್ಕ ಗುಂಡುಪಿನ್ನಿನ ಆಕಾರದ ಗುಂಡಿ ಇದೆ. ಅದರಿಂದ ನಕ್ಷೆಯ ಮೇಲೆ ಗುರುತು ಚುಚ್ಚಬಹುದು, ಹೆಸರೂ ಬರೆಯಬಹುದು.

ಎಲ್ಲಿ ಚುಚ್ಚುವುದು? ಪ್ರತಿ ಡಿಸ್ಟ್ರಿಕ್ಟಿಗೂ ಇಷ್ಟದ ನೆರೆ ಎಂಬುದಿದೆ. ವಿಜ್ಞಾನ ಕೊಡುವ ಕ್ಯಾಂಪಸ್ ತನಗೆ ತಾಗಿದ ಪ್ರತಿ ಬೆಟ್ಟಕ್ಕೆ 1 ವಿಜ್ಞಾನ ಹೆಚ್ಚು ಕೊಡುತ್ತದೆ, ಎರಡು ಮಳೆಕಾಡಿಗೆ 1. ನಂಬಿಕೆ ಕೊಡುವ ಹೋಲಿ ಸೈಟಿಗೂ ಬೆಟ್ಟವೇ ಪ್ರಿಯ. ಚಿನ್ನ ಕೊಡುವ ಕಮರ್ಷಿಯಲ್ ಹಬ್ ಹೊಳೆ ದಂಡೆಯಲ್ಲಿದ್ದರೆ 2 ಚಿನ್ನ ಹೆಚ್ಚು, ಹಾರ್ಬರ್ ಪಕ್ಕದಲ್ಲಿದ್ದರೆ ಮತ್ತೆ 2. ಯಾವುದೇ ಎರಡು ಡಿಸ್ಟ್ರಿಕ್ಟ್ ತಾಗಿ ನಿಂತರೂ ಇವಕ್ಕೆ 1 ಅಂಕದ ಲಾಭ. ಊರಿನ ನಡುಮನೆಯೂ ಈ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ಚದುರಿಸಿ ಕಟ್ಟುವುದಕ್ಕಿಂತ ಗುಂಪಾಗಿ ಕಟ್ಟುವುದು ಒಳ್ಳೆಯದು.

ಒಂದು ನೆಲವನ್ನು ಕಣ್ಣಮುಂದೆ ತಂದುಕೊಳ್ಳಿ. ಊರಿನ ಉತ್ತರಕ್ಕೆ ಎರಡು ಮನೆಯಾಚೆ ಮೂರು ಬೆಟ್ಟ ಬಾಗಿ ನಿಂತಿವೆ, ಅವುಗಳ ಮಡಿಲಲ್ಲಿ ಒಂದು ಹುಲ್ಲುನೆಲ. ಬೆಟ್ಟದಿಂದ ಇಳಿದ ಹೊಳೆ ಊರಿನ ಪಕ್ಕದಲ್ಲೇ ಹಾದು ಹೋಗುತ್ತದೆ. ಅನುಭವವಿಲ್ಲದ ಕಣ್ಣಿಗೆ ಆ ಹುಲ್ಲುನೆಲ ಒಳ್ಳೆಯ ಹೊಲ. ನೆಲ ಓದಲು ಕಲಿತ ಕಣ್ಣಿಗೆ ಅದು 3 ಅಂಕದ ಕ್ಯಾಂಪಸ್. ಹೊಳೆಗೂ ಕ್ಯಾಂಪಸ್ಸಿಗೂ ಊರಿನ ನಡುಮನೆಗೂ ಒಟ್ಟಿಗೆ ತಾಗುವ ಮನೆ ಸಿಕ್ಕರೆ ಅಲ್ಲಿ ಕಮರ್ಷಿಯಲ್ ಹಬ್: ಹೊಳೆಯಿಂದ 2, ತಾಗಿದ ಎರಡು ಡಿಸ್ಟ್ರಿಕ್ಟ್‌ಗಳಿಂದ 1, ಒಟ್ಟು 3 ಚಿನ್ನ. ಕ್ಯಾಂಪಸ್ಸಿನೊಳಗೆ ಲೈಬ್ರರಿ ಕಟ್ಟಿದರೆ ಮತ್ತೆ 2 ವಿಜ್ಞಾನ. ರೆಕಾರ್ಡೆಡ್ ಹಿಸ್ಟರಿ ಎಂಬ ಸಿವಿಕ್ ಕಲಿತಾಗ ಸಿಗುವ ನ್ಯಾಚುರಲ್ ಫಿಲಾಸಫಿ ಚೀಟಿ ಕ್ಯಾಂಪಸ್ಸಿನ ನೆರೆಯ ಲಾಭವನ್ನು ಇಮ್ಮಡಿ ಮಾಡುತ್ತದೆ. 3 ಇದ್ದದ್ದು 6. ಬಯಲ ನಡುವೆ ಒಂಟಿಯಾಗಿ ಕಟ್ಟಿದ ಕ್ಯಾಂಪಸ್ಸಿಗೆ ಇಮ್ಮಡಿ ಮಾಡಲು ಏನೂ ಇರುವುದಿಲ್ಲ.

ಇದರ ಜೊತೆ ಎರಡು ನಿಯಮ ನೆನಪಿರಲಿ. ಡಿಸ್ಟ್ರಿಕ್ಟ್‌ಗಳ ಸಂಖ್ಯೆ ಜನಸಂಖ್ಯೆಗೆ ಕಟ್ಟಿಬಿದ್ದಿದೆ: ಮೊದಲನೆಯದಕ್ಕೆ 1, ಎರಡನೆಯದಕ್ಕೆ 4, ಮೂರನೆಯದಕ್ಕೆ 7. ವಸತಿ ಏಕೆ ಮುಖ್ಯ ಎಂದು ಎರಡನೆಯ ಹಂತದಲ್ಲಿ ಒತ್ತಿ ಹೇಳಿದ್ದು ಇದಕ್ಕಾಗಿಯೂ. ಇನ್ನೊಂದು, ನೀವು ಹೆಚ್ಚು ಕಲಿತಂತೆಲ್ಲ ಡಿಸ್ಟ್ರಿಕ್ಟಿನ ಬೆಲೆ ಏರುತ್ತದೆ, ಆದರೆ ಜಾಗದಲ್ಲಿ ಕೂರಿಸಿದ ಕ್ಷಣ ಅದರ ಬೆಲೆ ಅಲ್ಲೇ ನಿಲ್ಲುತ್ತದೆ. ಅವಕಾಶ ಸಿಕ್ಕೊಡನೆ ಕೂರಿಸಿಬಿಡಿ, ಒಂದು ಸರದಿಯ ನಂತರ ಬೇರೆ ತಯಾರಿಗೆ ತಿರುಗಿದರೂ ಚಿಂತೆಯಿಲ್ಲ.

ಅದ್ಭುತಗಳ ಆಸೆ ಮೊದಲ ಆಟದಲ್ಲಿ ಬೇಡ. ಪಿರಮಿಡ್‌ಗೆ ಸಮತಟ್ಟಾದ ಮರಳುಗಾಡು ಬೇಕು, ಸ್ಟೋನ್‌ಹೆಂಜ್‌ಗೆ ಪಕ್ಕದಲ್ಲಿ ಕಲ್ಲು ಬೇಕು, ಮತ್ತು ಇನ್ನೊಬ್ಬರು ಮೊದಲು ಮುಗಿಸಿದರೆ ಅದು ನಿಮಗಿಲ್ಲ. ಅಷ್ಟೇ ಶ್ರಮದಲ್ಲಿ ಒಂದು ಊರು ಹೆಚ್ಚು ಕಟ್ಟಬಹುದು.

ಹಂತ 9: ನೆರೆಹೊರೆ

ಹೊಸ ನಾಯಕ ಎದುರಾದ ಸರದಿಯಲ್ಲೇ 25 ಚಿನ್ನ ಕೊಟ್ಟು ಡೆಲಿಗೇಶನ್ ಕಳಿಸಿ, ಆರಂಭದ ಸ್ನೇಹಕ್ಕೆ ಅದಕ್ಕಿಂತ ಅಗ್ಗದ ದಾರಿ ಇಲ್ಲ. ಮುಖದಲ್ಲಿ ನಗು ಕಂಡಾಗ ಸ್ನೇಹ ಘೋಷಣೆ ಕೇಳಿ ನೋಡಿ. ಒಪ್ಪಿದರೆ 30 ಸರದಿ ಆ ಕಡೆಯಿಂದ ಯುದ್ಧದ ಭಯವಿಲ್ಲ.

ರೇಷ್ಮೆ, ದಂತ, ದ್ರಾಕ್ಷಾರಸದಂಥ ಭೋಗವಸ್ತು ಒಂದು ಬಗೆಯದು ನಾಲ್ಕು ಊರುಗಳವರೆಗೆ ಜನರನ್ನು ಸಂತೋಷವಾಗಿಡುತ್ತದೆ. ಅದೇ ವಸ್ತುವಿನ ಎರಡನೆಯ ಪ್ರತಿಯಿಂದ ನಿಮಗೆ ಏನೂ ಹೆಚ್ಚಿನ ಲಾಭವಿಲ್ಲ. ಅದನ್ನು ನೆರೆಯವರಿಗೆ ಮಾರಿ, ಬಂದ ಚಿನ್ನದಲ್ಲಿ ಬಿಲ್ಡರನ್ನು ಕೊಳ್ಳಿ. ಸಣ್ಣ ನಗರರಾಜ್ಯಗಳನ್ನು ಎಲ್ಲರಿಗಿಂತ ಮೊದಲು ಕಂಡವರಿಗೆ ಒಬ್ಬ ದೂತ ಪುಕ್ಕಟೆ. 1, 3, 6 ದೂತರಾದಾಗ ಒಂದೊಂದು ಲಾಭ. ಫಾರಿನ್ ಟ್ರೇಡ್ ಕಲಿತ ಮೇಲೆ ತಯಾರಿಸಬಹುದಾದ ಮೊದಲ ವ್ಯಾಪಾರಿಯನ್ನು ಹೊರಗೆ ಕಳಿಸದೆ ನಿಮ್ಮದೇ ಹೊಸ ಊರಿನಿಂದ ರಾಜಧಾನಿಗೆ ಓಡಿಸಿ. ಹೊರಟ ಊರಿಗೆ ಆಹಾರವೂ ಉತ್ಪಾದನೆಯೂ ಬರುತ್ತದೆ.

ಹಂತ 10: ನೂರನೆಯ ಸರದಿ

ಇಲ್ಲಿ ನಿಲ್ಲಿಸಿ. ಗೆಲ್ಲುತ್ತಿದ್ದರೂ ನಿಲ್ಲಿಸಿ. ನಕ್ಷೆಯನ್ನು ಹಿಂದಕ್ಕೆ ಎಳೆದು ನಿಮ್ಮ ಊರುಗಳನ್ನೆಲ್ಲ ಒಮ್ಮೆ ನೋಡಿ. ಯಾವ ಊರು ಬೆಳೆದಿದೆ, ಯಾವುದು ಎರಡು ಮೂರು ಜನಕ್ಕೇ ನಿಂತಿದೆ, ನಿಂತದ್ದಕ್ಕೆ ಕಾರಣ ನೀರೋ ಆಹಾರವೋ? ಕ್ಯಾಂಪಸ್ಸಿಗೆ ಹೇಳಿ ಮಾಡಿಸಿದಂಥ ಬೆಟ್ಟದ ಮಡಿಲಲ್ಲಿ ಈಗ ಏನಿದೆ? ಬ್ರಾಂಜ್ ವರ್ಕಿಂಗ್ ಕಲಿತ ಮೇಲೆ ಕಬ್ಬಿಣ ಎಲ್ಲಿ ಕಾಣಿಸಿತು, ಅದು ಯಾರ ಗಡಿಯೊಳಗಿದೆ? ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಈಗ ಮೊದಲ ಸರದಿಯಲ್ಲಿ ಉಳಿಸಿಟ್ಟ ಆಟವನ್ನು ತೆರೆದು ಅದೇ ನೆಲದ ಮೇಲೆ ಮತ್ತೆ ನೂರು ಸರದಿ ಆಡಿ. ನಕ್ಷೆ ಗೊತ್ತಿದ್ದು ಆಡುವುದು ಮೋಸ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅದೇ ಹೊಳೆ, ಅದೇ ಬೆಟ್ಟ, ಅದೇ ನೆರೆಯವರು ಇದ್ದಾಗ ನಿಮ್ಮ ತೀರ್ಮಾನಗಳ ಫಲವಷ್ಟೇ ಬದಲಾಗಿ ಕಾಣುತ್ತದೆ. ಹೊಸ ನಕ್ಷೆಯಲ್ಲಿ ಆಡಿದರೆ ಸೋಲಿಗೂ ಗೆಲುವಿಗೂ ಅದೃಷ್ಟ ಎಷ್ಟು ಕಾರಣ, ನೀವು ಎಷ್ಟು ಕಾರಣ ಎಂದು ತಿಳಿಯುವುದೇ ಕಷ್ಟ.

ಈ ಎರಡನೆಯ ಆಟವನ್ನು ಕೊನೆಯವರೆಗೂ ಒಯ್ಯಿರಿ, ಗುರಿ ವಿಜ್ಞಾನದ ಗೆಲುವು. ಉಪಗ್ರಹ ಹಾರಿಸಿ, ಚಂದ್ರನ ಮೇಲೆ ಇಳಿದು, ಮಂಗಳದಲ್ಲಿ ನೆಲೆ ಹೂಡುವವರೆಗಿನ ಆ ದಾರಿಯಲ್ಲಿ ಬೇರೆಯವರ ಧರ್ಮ, ಪ್ರವಾಸಿಗರ ಲೆಕ್ಕ, ರಾಜಧಾನಿಗಳ ಮುತ್ತಿಗೆ ಯಾವುದೂ ಬೇಕಿಲ್ಲ; ಒಳ್ಳೆಯ ಜಾಗದಲ್ಲಿ ಕಟ್ಟಿದ ಕ್ಯಾಂಪಸ್‌ಗಳೂ ಗಣಿಗಳೂ ಬೇಕು. ಮುಗಿಯಲು ಹಲವು ಸಂಜೆಗಳೇ ಹಿಡಿಯುತ್ತವೆ. ಏಳುವ ಹೊತ್ತನ್ನು ಕೂರುವ ಮೊದಲೇ ಗೊತ್ತುಮಾಡಿಕೊಳ್ಳಿ, ಏಕೆಂದರೆ ಇನ್ನೊಂದೇ ಸರದಿ ಎನ್ನುವ ಸೆಳೆತ ಈ ಆಟದಲ್ಲಿ ಬಲವಾಗಿದೆ.

ಆಮೇಲೆ ಪ್ರಿನ್ಸ್ ಮಟ್ಟ, ಹೊಸ ನಕ್ಷೆ, ಮತ್ತು ಇದ್ದರೆ ಗ್ಯಾದರಿಂಗ್ ಸ್ಟಾರ್ಮ್ ನಿಯಮಾವಳಿ. ಅದರಲ್ಲಿ ಹೊಳೆಗಳು ಉಕ್ಕಿ ದಂಡೆಯ ಹೊಲಗಳನ್ನು ಹಾಳು ಮಾಡುತ್ತವೆ, ನೀರು ಇಳಿದ ಮೇಲೆ ಕೆಲವು ಮನೆಗಳ ಆಹಾರ ಮೊದಲಿಗಿಂತ ಹೆಚ್ಚಾಗಿಯೂ ಬಿಡುತ್ತದೆ. ಹೊಳೆ ದಂಡೆಯ ಊರಿಗೆ ಜಾಗ ಆರಿಸುವ ಲೆಕ್ಕವನ್ನು ಅಲ್ಲಿ ಹೊಸದಾಗಿ ಹಾಕಬೇಕಾಗುತ್ತದೆ.